ಹದಿನಾಲ್ಕು ಬಾಗಿಲು

ಜಾಲಿಗುಟ್ಟೆಯ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಹದಿನಾಲ್ಕು ಬಾಗಿಲು. ವರ್ಷಕ್ಕೊಂದರಂತೆ ಶಾಲೆಯ ದುಡ್ಡಿನಲ್ಲಿ ಕೊಂಡದ್ದು. ಕೊಂಡದ್ದಕ್ಕೆ ಸಾಕ್ಷಿ ಕಾಂಪೌಂಡ್ ಗೋಡೆಯ ಮೇಲೆ ದುಂಡು ಅಕ್ಷರದಲ್ಲಿತ್ತು. ಶೌಚಾಲಯದಲ್ಲಿ ಮಾತ್ರ ಒಂದು ಬಾಗಿಲೂ ಇರಲಿಲ್ಲ. ಆ ದುಂಡು ಅಕ್ಷರ ಬರೆದವನು ಕಾಂತರಾಜು.

ಕಾಂತರಾಜು ಕಾಲೋನಿಯವನು. ಕಾಲೋನಿ ಅಂದರೆ ಯಾರ ಕಾಲೋನಿ ಎಂದು ದೇವನಹಳ್ಳಿ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಸುಣ್ಣ ಬಳಿಯುವುದು, ಬೋರ್ಡು ಬರೆಯುವುದು ಅವನ ಕಸುಬು. ಇದೇ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದ್ದ. ಓದುವಾಗ ಗೋಡೆಗೆ ಒರಗಬೇಡ ಎಂದು ಅವನನ್ನು ಚಪ್ಪಲಿ ಬಿಡುವ ಜಾಗದ ಪಕ್ಕ ಕೂರಿಸುತ್ತಿದ್ದರು. ದೊಡ್ಡವನಾದ ಮೇಲೆ ಅದೇ ಗೋಡೆಗೆ ಸುಣ್ಣ ಬಳಿಯಲು ಅವರೇ ಕರೆದರು. ಕಾಲ ಬದಲಾಯಿತು ಎನ್ನುವವರು ಇಂಥದ್ದನ್ನೇ ಹೇಳುತ್ತಿರಬೇಕು.

ಶಾಲೆಗೆ ವರ್ಷಕ್ಕೆ ಎಷ್ಟು ದುಡ್ಡು ಬಂತು, ಯಾವುದಕ್ಕೆ ಎಷ್ಟು ಖರ್ಚಾಯಿತು ಎಂಬುದನ್ನು ಊರಿನವರಿಗೆ ಕಾಣುವಂತೆ ಗೋಡೆಯ ಮೇಲೆ ಬರೆಸಬೇಕು ಎಂದು ಮೇಲಿನಿಂದ ಆದೇಶ. ಆದೇಶ ಮಾಡಿದವನು ಪಾಪ, ಒಳ್ಳೆಯವನೇ ಇರಬೇಕು. ಬರೆದದ್ದನ್ನು ಜನ ಓದುತ್ತಾರೆ, ಓದಿದವರು ಕೇಳುತ್ತಾರೆ, ಕೇಳಿದವರಿಗೆ ಉತ್ತರ ಸಿಗುತ್ತದೆ ಎಂದು ಅವನು ನಂಬಿದ್ದ. ಪ್ರತಿ ಜೂನ್‌ನಲ್ಲಿ ಹೆಡ್‌ಮಾಸ್ಟರ್ ಗೋಪಾಲಪ್ಪನವರು ಒಂದು ಚೀಟಿ ಕೊಡುತ್ತಿದ್ದರು. ಚೀಟಿಯಲ್ಲಿದ್ದದ್ದನ್ನು ಕಾಂತರಾಜು ಗೋಡೆಯ ಒಳಮುಖಕ್ಕೆ ಎನಾಮಲ್ ಬಣ್ಣದಲ್ಲಿ ಇಳಿಸುತ್ತಿದ್ದ.

ಚೀಟಿಯ ಅಕ್ಷರ ಮೇಷ್ಟ್ರದು, ಮಾತು ಅಪ್ಪಯ್ಯಣ್ಣನದು. ಅಪ್ಪಯ್ಯಣ್ಣ ಶಾಲೆಯ ಸಮಿತಿಗೆ ಅಧ್ಯಕ್ಷ. ಅಧ್ಯಕ್ಷನಾಗಬೇಕಾದರೆ ಮಗು ಇದೇ ಶಾಲೆಯಲ್ಲಿ ಓದುತ್ತಿರಬೇಕು ಎಂದು ನಿಯಮ. ಅವನ ಮನೆಯ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದದ್ದರಿಂದ ತೋಟದ ಆಳಿನ ಮಗನಿಗೆ ತಾನೇ ಪೋಷಕ ಎಂದು ಬರೆಸಿಕೊಂಡ. ಆ ಹುಡುಗನ ಮೇಲೆ ಅವನಿಗೆ ಅಷ್ಟೊಂದು ಪ್ರೀತಿ. ಸಮಿತಿಯಲ್ಲಿ ಕಾಲೋನಿಯ ಹೆಂಗಸೊಬ್ಬಳು ಇರಲೇಬೇಕು ಎಂದು ಇನ್ನೊಂದು ನಿಯಮ. ಅದಕ್ಕೆ ಲಕ್ಕಮ್ಮ ಎಂಬ ಕೂಲಿ ಹೆಂಗಸನ್ನು ಹಾಕಿಕೊಂಡಿದ್ದರು. ಹೆಬ್ಬೆಟ್ಟು ಬೇಕಾದಾಗ ಪುಸ್ತಕವನ್ನು ಅವಳು ಕಳೆ ಕೀಳುವ ಹೊಲಕ್ಕೇ ಕಳಿಸುತ್ತಿದ್ದರು. ಸಭೆಗೆ ಬಂದು ಅವಳ ಕೂಲಿ ಕೆಡಬಾರದಲ್ಲ.

ಬರೆಯುವುದಕ್ಕೆ ಮೊದಲು ಸುಣ್ಣ. ಸುಣ್ಣದ ಕಲ್ಲನ್ನು ಡ್ರಮ್ಮಿಗೆ ಹಾಕಿ ನೀರು ಹುಯ್ದರೆ ಕೊತಕೊತ ಕುದಿಯುತ್ತದೆ. ಅದು ಅರಳಿ ಆರಿದ ಮೇಲೆ ಸೋಸಿ, ನೀಲಿ ಬೆರೆಸಿ, ಬೆಳಗ್ಗೆಯಿಂದ ಸಂಜೆಯ ತನಕ ಕೈ ಎತ್ತಿಕೊಂಡೇ ಬಳಿಯಬೇಕು. ಸುಣ್ಣ ಬೆರಳ ಸಂದಿಯನ್ನು ತಿನ್ನುತ್ತದೆ. ಕಣ್ಣಿಗೆ ಸಿಡಿದರೆ ಎರಡು ದಿನ ಕಣ್ಣು ಬಿಡಲಾಗುವುದಿಲ್ಲ. ಮನೆಗೆ ಬಂದು ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ಬಿರುಕಿಗೆ ಇಳಿದು ಜೀವ ಹೋದ ಹಾಗಾಗುತ್ತದೆ.

ಅವನಿಗೆ ಒಂದು ಅಭ್ಯಾಸವಿತ್ತು. ಹೋದ ವರ್ಷ ಬರೆದ ಜಾಗದಲ್ಲೇ ಈ ವರ್ಷ ಬರೆಯುತ್ತಿರಲಿಲ್ಲ. ಎನಾಮಲ್ ಅಕ್ಷರದ ಮೇಲೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ. ಹಳೆಯದು ಒಳಗಿನಿಂದ ಇಣುಕಿ ಹೊಸದನ್ನು ಕೆಡಿಸುತ್ತದೆ. ಅದಕ್ಕೆ ಹಳೆಯದರ ಮೇಲೆ ದಪ್ಪಗೆ ಎರಡು ಕೋಟು ಸುಣ್ಣ ಹೊಡೆದು, ನಾಲ್ಕು ಅಡಿ ಪಕ್ಕಕ್ಕೆ ಸರಿದು ಹೊಸ ಚೌಕ ಹಾಕುತ್ತಿದ್ದ. ಹಾಗೆ ಗೇಟಿನ ಬಳಿ ಶುರುವಾದ ಖರ್ಚಿನ ಪಟ್ಟಿ ವರ್ಷ ವರ್ಷ ಸರಿಯುತ್ತ ಶೌಚಾಲಯದ ಕಡೆಗೆ ನಡೆಯುತ್ತಿತ್ತು. ಇದು ಅವನೊಬ್ಬನಿಗೆ ಗೊತ್ತಿದ್ದ ವಿಷಯ. ಉಳಿದವರ ಕಣ್ಣಿಗೆ ಈ ವರ್ಷದ ಚೌಕ ಬಿಟ್ಟರೆ ಮಿಕ್ಕ ಗೋಡೆಯೆಲ್ಲ ಬಿಳಿ.

ಮೊದಲ ಬಾಗಿಲು ನಿಜವಾದ ಬಾಗಿಲೇ. ಅದನ್ನು ಇಲ್ಲ ಎನ್ನುವಂತಿಲ್ಲ. ಅದು 2005, ವಿಮಾನ ನಿಲ್ದಾಣದ ಕೆಲಸ ಶುರುವಾಗಿ ಊರಿನ ರಸ್ತೆಗೆಲ್ಲ ಕೆಂಧೂಳು ಹಿಡಿದಿದ್ದ ವರ್ಷ. ಶಾಲೆಗೆ ಹೊಸ ಶೌಚಾಲಯ ಬಂತು. ಗಂಡುಮಕ್ಕಳಿಗೆ ಬೇಲಿ ಸಾಕು ಎಂದು ಹೆಣ್ಣುಮಕ್ಕಳಿಗೆ ಒಂದು ಕೋಣೆ, ಅದಕ್ಕೊಂದು ಮರದ ಬಾಗಿಲು. ಕಾಂತರಾಜು ಬಾಗಿಲಿಗೆ ಹಸಿರು ಬಣ್ಣ ಬಳಿದು ಗೋಡೆಗೆ ಒರಗಿಸಿದ್ದ. ಬಣ್ಣ ಒಣಗುವ ಮೊದಲೇ ಅಪ್ಪಯ್ಯಣ್ಣ ಬಂದು ನೋಡಿದ.

"ಲೇ ಕಾಂತ, ತೋಟದ ಪಂಪ್‌ಹೌಸ್‌ಗೆ ಬಾಗ್ಲಿಲ್ಲ ಕಣ್ಲಾ. ಯಾವನಾದ್ರೂ ಮೋಟ್ರು ಬಿಚ್ಕೊಂಡ್ ಹೋಗ್ತಾನೆ. ಎರಡ್ ದಿನಕ್ಕೆ ಇದನ್ನ ಅಲ್ಲಿಟ್ಬಿಡು. ಆಮೇಲೆ ತಂದ್ ಹಾಕಿದ್ರಾಯ್ತು."

"ಹೆಣ್ಮಕ್ಳದ್ದು ಗೌಡ್ರೇ ಇದು."

"ಹೆಣ್ಮಕ್ಳನ್ನ ಯಾರ್ಲಾ ಬಿಚ್ಕೊಂಡ್ ಹೋಗ್ತಾರೆ? ಎತ್ಲಾ ಸುಮ್ನೆ."

ಕಾಂತರಾಜು ಬಾಗಿಲನ್ನು ತಲೆಗೆ ಏರಿಸಿದ. ಒಂದೂವರೆ ಮೈಲಿ. ಕುತ್ತಿಗೆ ಒಳಗೆ ಇಳಿದುಹೋಗುತ್ತದೆಯೇನೋ ಎನಿಸುವ ಭಾರ. ಹಸಿ ಬಣ್ಣ ಕೂದಲಿಗೆ ಮೆತ್ತಿಕೊಂಡಿತು. ಹೆಂಡತಿ ಅಶ್ವತ್ಥಮ್ಮ ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ವಾರದ ತನಕ ಅವನ ತಲೆ ಹಸಿರಾಗಿಯೇ ಇತ್ತು. ಹೊತ್ತದ್ದಕ್ಕೆ ಕೂಲಿ ಕೇಳಲಿಲ್ಲ. ಕೇಳಬಹುದು ಎಂಬುದೇ ಅವನಿಗೆ ಹೊಳೆಯಲಿಲ್ಲ. ಆ ತಿಂಗಳು ಗೋಡೆಯ ಮೇಲೆ ಪಟ್ಟಿಯ ಕೊನೆಯ ಸಾಲಾಗಿ ಬರೆದ: ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು, 650 ರೂಪಾಯಿ.

ಮರುವರ್ಷದ ಚೀಟಿಯಲ್ಲೂ ಕೊನೆಯ ಸಾಲು ಅದೇ. ಬೆಲೆ 900.

"ಮೇಷ್ಟ್ರೇ, ಬಾಗ್ಲು ಹೋದ್ವರ್ಷಾನೇ ಬರ್ದಿದ್ದೀವಲ್ಲ," ಎಂದ ಕಾಂತರಾಜು.

ಗೋಪಾಲಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೆಟ್ಟವರಲ್ಲ. ಊರೂರು ವರ್ಗವಾಗಿ ಸುಸ್ತಾಗಿದ್ದರು, ನಿವೃತ್ತಿಯ ತನಕ ಇಲ್ಲೇ ಇರಬೇಕು ಎಂದುಕೊಂಡಿದ್ದರು.

"ನೋಡಪ್ಪ ಕಾಂತರಾಜು, ನಿಂಗೆ ಅಕ್ಷರ ಚೆನ್ನಾಗಿ ಬರುತ್ತೆ. ನೀನು ಅಷ್ಟು ನೋಡ್ಕೋ ಸಾಕು."

ಅವನು ಅಷ್ಟೇ ನೋಡಿಕೊಂಡ. ಹದಿನಾಲ್ಕು ವರ್ಷ ನೋಡಿಕೊಂಡ.

ಭೂಮಿಯ ಬೆಲೆ ಏರಿತು. ಬಾಗಿಲ ಬೆಲೆಯೂ ಏರಿತು. ಮೊದಲ ವಿಮಾನ ಹಾರಿದ ವರ್ಷ 2,400. ನಲ್ಲೂರಿನ ಕಡೆ ಹೊಲಗಳಿಗೆ ಸೈಟಿನ ಕಲ್ಲು ನೆಟ್ಟಾಗ 6,500. ಅಪ್ಪಯ್ಯಣ್ಣನ ಮಗ ನವೀನ್‌ಕುಮಾರ್ ಬಿಳಿ ಕಾರು ತಂದಾಗ 14,000. ಆಗ ಅದು ಬರೀ ಬಾಗಿಲಾಗಿ ಉಳಿದಿರಲಿಲ್ಲ, ಫೈಬರ್ ಬಾಗಿಲಾಗಿತ್ತು. ಮುಂದೆ ಚಿಲಕಕ್ಕೆ ಬೇರೆ, ಕೂರಿಸುವ ಕೂಲಿಗೆ ಬೇರೆ ಸಾಲು ಬಂದವು. ದೇವನಹಳ್ಳಿ ತಾಲ್ಲೂಕಿನಲ್ಲಿ ಇಲ್ಲದ ವಸ್ತುವಿಗೂ ಬೆಲೆ ಏರುತ್ತದೆ ಎಂಬುದಕ್ಕೆ ಜಾಲಿಗುಟ್ಟೆಯ ಗೋಡೆಗಿಂತ ದೊಡ್ಡ ಪುರಾವೆ ಬೇಡ.

ಉಳಿದ ಖರ್ಚೂ ಬದಲಾಯಿತು. ಮೊದಲ ಪಟ್ಟಿಯಲ್ಲಿ ಸೀಮೆಸುಣ್ಣ, ಡಸ್ಟರ್, ನೀರಿನ ಹಂಡೆ, ಭಾರತದ ನಕ್ಷೆ ಇದ್ದವು. ಐದಾರು ವರ್ಷಕ್ಕೆ ನಕ್ಷೆ ಹೋಗಿ ಶಾಮಿಯಾನ ಬಂತು. ಹಂಡೆ ಹೋಗಿ ಹಾರ, ಶಾಲು, ಮೈಸೂರು ಪೇಟ ಬಂದವು. ಆಮೇಲೆ ಫ್ಲೆಕ್ಸು, ಫೋಟೋದವನು, ಗಣ್ಯರ ಉಪಾಹಾರ. ಸೀಮೆಸುಣ್ಣ ಮಾತ್ರ ಕೊನೆಯ ತನಕ 120 ರೂಪಾಯಿಯಲ್ಲೇ ಉಳಿಯಿತು. ಅದರ ಬೆಲೆ ಏರಿಸಲು ಯಾರಿಗೂ ಮನಸ್ಸಾಗಲಿಲ್ಲ. ಇತ್ತ ಮಕ್ಕಳು ನೂರ ನಲವತ್ತರಿಂದ ಮೂವತ್ತಾರಕ್ಕೆ ಇಳಿದರು. ಹೊಲ ಮಾರಿದ ಮನೆಗಳ ಮಕ್ಕಳು ಹಳದಿ ವ್ಯಾನ್ ಹತ್ತಿದರು. ಉಳಿದವರು ಕಾಲೋನಿಯ ಮಕ್ಕಳು, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಮಕ್ಕಳು ಇಳಿದಷ್ಟೂ ಖರ್ಚು ಏರಿತು, ಹಾರ ಹಾಕಿಸಿಕೊಳ್ಳುವವರು ಕಡಿಮೆಯಾಗಿರಲಿಲ್ಲವಲ್ಲ.

ಒಂದು ವರ್ಷ ಪಟ್ಟಿಗೆ ಹೊಸದಾಗಿ ಸೇರಿದ್ದು "ಪೇಪರ್ ಲೋಟ, 60 ರೂಪಾಯಿ". ಅಲ್ಲಿಯ ತನಕ ಕಾಂತರಾಜುವಿನ ಟೀಗೆ ಒಂದು ಸೊಟ್ಟ ಸ್ಟೀಲ್ ಲೋಟವಿತ್ತು. ಅದು ಕಿಟಕಿಯ ಹೊರಗೆ ಬೋರಲು ಬಿದ್ದಿರುತ್ತಿತ್ತು. ಅವನೇ ತೊಳೆದುಕೊಂಡು ಹಿಡಿಯಬೇಕು, ಮೇಲಿನಿಂದ ಹುಯ್ಯುತ್ತಿದ್ದರು, ಕುಡಿದು ತೊಳೆದು ಮತ್ತೆ ಅಲ್ಲೇ ಬೋರಲಿಡಬೇಕು. ಪೇಪರ್ ಲೋಟ ಬಂದ ಮೇಲೆ ತೊಳೆಯುವ ಕಷ್ಟ ತಪ್ಪಿತು. ಉಳಿದವರು ಒಳಗೆ ಕೂತು ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದರು. ಅವನನ್ನು ಮುಟ್ಟದೆ ಇರುವುದಕ್ಕೂ ಶಾಲೆಯ ಅನುದಾನದಲ್ಲಿ ಒಂದು ಬಾಬತ್ತು ಸಿಕ್ಕಿತ್ತು. ಅದನ್ನೂ ಅವನ ಕೈಯಲ್ಲೇ ಬರೆಸಿದರು.

2012ರಲ್ಲಿ ಅವನ ದೊಡ್ಡ ಮಗಳು ಹರ್ಷಿತ ಏಳನೇ ಕ್ಲಾಸು. ಮೈನೆರೆದ ಮೇಲೆ ಬಾಗಿಲಿಲ್ಲದ ಕೋಣೆಗೆ ಹೋಗಬೇಕು. ಇಬ್ಬರು ಹುಡುಗಿಯರು ಬೆನ್ನು ತಿರುಗಿಸಿ ದುಪ್ಪಟ್ಟ ಹಿಡಿದು ನಿಲ್ಲುತ್ತಿದ್ದರು. ಕಾಂಪೌಂಡ್ ಮೇಲೆ ಹುಡುಗರು ಕೂತು ಕೇಕೆ ಹಾಕುತ್ತಿದ್ದರು. ಹುಡುಗಿ ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಳು. ಉರಿಮೂತ್ರ ಬಂದು ಜ್ವರದಲ್ಲಿ ಹದಿನೈದು ದಿನ ಮಲಗಿದಳು. ಎದ್ದವಳು ಶಾಲೆಗೆ ಹೋಗುವುದಿಲ್ಲ ಎಂದಳು. ಯಾರೂ ಬಲವಂತ ಮಾಡಲಿಲ್ಲ. ಮುಂದಿನ ಜೂನ್‌ನಲ್ಲಿ ಕಾಂತರಾಜು ಎಂದಿನಂತೆ ಬರೆದ: ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು, 9,800. ಅವನ ಕೈ ನಡುಗಲಿಲ್ಲ. ಇದನ್ನು ಹೇಳಲೇಬೇಕು. ಅಕ್ಷರ ಎಂದಿನಂತೆ ದುಂಡಗೇ ಇತ್ತು.

ಯಾಕೆ ನಡುಗಲಿಲ್ಲ ಎಂದರೆ ಹೊಟ್ಟೆ. ಊರಿನ ಹೊಲಗಳೆಲ್ಲ ಲೇಔಟ್ ಆಗಿದ್ದವು. ಸೈಟಿನ ಕಲ್ಲಿಗೆ ನಂಬರು, ರಸ್ತೆಗೆ "ಸೈಟುಗಳು ಮಾರಾಟಕ್ಕಿವೆ" ಎಂಬ ಬೋರ್ಡು, ಎಲ್ಲ ಬರೆಸುತ್ತಿದ್ದದ್ದು ನವೀನ್‌ಕುಮಾರ್. ಅವನು ಕಾಂತರಾಜುಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಕಾಂತರಾಜು ಅವನನ್ನು ನವೀನಣ್ಣ ಎನ್ನುತ್ತಿದ್ದ.

ಹರ್ಷಿತ ಈಗ ವಿಮಾನ ನಿಲ್ದಾಣದಲ್ಲಿ ಕಂಟ್ರಾಕ್ಟ್ ಕೆಲಸದಲ್ಲಿದ್ದಾಳೆ. ಹೆಂಗಸರ ಶೌಚಾಲಯ ತೊಳೆಯುವುದು. ಅವಳ ಪಾಲಿಗೆ ಹದಿನಾರು ಬಾಗಿಲು. ಹದಿನಾರನ್ನೂ ಹೊತ್ತು ಹೊತ್ತಿಗೆ ಒರೆಸಿ ಹೊಳೆಯಿಸಬೇಕು. ಬಾಗಿಲಿಲ್ಲದ್ದಕ್ಕೆ ಓದು ಬಿಟ್ಟವಳಿಗೆ ಬಾಗಿಲು ಒರೆಸುವ ಕೆಲಸ ಸಿಕ್ಕಿತು. ವಿಮಾನ ನಿಲ್ದಾಣ ಬಂದರೆ ಊರಿನ ಮಕ್ಕಳಿಗೆ ಉದ್ಯೋಗ ಎಂದು ಅಂದು ಭಾಷಣ ಮಾಡಿದವರು ಸುಳ್ಳು ಹೇಳಿರಲಿಲ್ಲ.

2019 ಬಂತು. ಅಪ್ಪಯ್ಯಣ್ಣನಿಗೆ ಮಂಡಿನೋವು ಹಿಡಿದು ಅಧ್ಯಕ್ಷಗಿರಿ ಮಗನಿಗೆ ಇಳಿದಿತ್ತು. ಅದೃಷ್ಟಕ್ಕೆ ತೋಟದ ಆಳಿಗೆ ಇನ್ನೊಬ್ಬ ಮಗನಿದ್ದ. ಕಾಂತರಾಜುವಿನ ಚಿಕ್ಕ ಮಗಳು ಯಶಸ್ವಿನಿ ಈಗ ಏಳನೇ ಕ್ಲಾಸು. ಬೇಸಿಗೆ ರಜದಲ್ಲಿ ಮೈನೆರೆದಿದ್ದಳು. ಶಾಲೆ ಶುರುವಾಗಿ ವಾರ ಕಳೆದಿರಲಿಲ್ಲ, ಬೆಳಗ್ಗೆ ಕೊಟ್ಟ ನೀರಿನ ಬಾಟಲಿ ಸಂಜೆ ತುಂಬಿದಂತೆಯೇ ವಾಪಸ್ ಬರತೊಡಗಿತು.

ಅಶ್ವತ್ಥಮ್ಮ ಬಾಟಲಿ ಎತ್ತಿ ನೋಡಿದಳು. "ಇವ್ಳನ್ನೂ ಬಿಡಿಸ್ಬಿಡಾಣ. ಆಸ್ಪತ್ರೆಗೆ ಅಲೆಯೋ ಗತಿ ಯಾಕೆ ಬೇಕು," ಎಂದಳು.

ಹರ್ಷಿತ ಡ್ಯೂಟಿಗೆ ಹೊರಟವಳು ಯೂನಿಫಾರಂನಲ್ಲಿ ನಿಂತಿದ್ದಳು. "ಬಿಡ್ಸಮ್ಮ. ನಮ್ ಸೂಪರ್‌ವೈಸರ್‌ಗೆ ಈಗ್ಲೇ ಹೇಳಿಡ್ತೀನಿ. ನನ್ ಪಕ್ಕದಲ್ಲಿ ಇನ್ನೊಂದು ಬಕೆಟ್ ಖಾಲಿ ಐತೆ."

ಯಶಸ್ವಿನಿ ಅಪ್ಪನ ಕಡೆ ತಿರುಗಿದಳು. ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ಕೇಳುವ ಹಾಗೆ ಕೇಳಿದಳು.

"ಅಪ್ಪ, ಗೋಡೆ ಮೇಲೆ ನೀನೇ ಬರ್ದಿದ್ದೀಯಲ್ಲ, ಬಾಗಿಲು ಅಂತ. ಒಂದ್ನೇ ಕ್ಲಾಸಲ್ಲಿ ಅದನ್ನ ನೋಡೇ ನಾನು 'ಬಾ' ಕಲ್ತಿದ್ದು. ಎಲ್ಲಿಟ್ಟಿದ್ದೀಯಾ ಅದನ್ನ?"

ಎಲ್ಲಿಟ್ಟಿದ್ದೀಯಾ. ಎಲ್ಲಿಟ್ಟಿದ್ದೇನೆ ಎಂಬುದು ಕಾಂತರಾಜುಗೆ ಗೊತ್ತಿತ್ತು. ತಲೆಯ ಮೇಲೆ ಹೊತ್ತು ಇಟ್ಟು ಬಂದಿದ್ದ.

ಅವತ್ತೇ ಶಾಲೆಗೆ ಹೋದ. ನವೀನ್‌ಕುಮಾರ್ ಹೆಡ್‌ಮಾಸ್ಟರ್ ಕುರ್ಚಿಯಲ್ಲಿ ಕೂತಿದ್ದ. ಗೋಪಾಲಪ್ಪನವರು ನಿಂತಿದ್ದರು. ನಿವೃತ್ತಿಗೆ ಅವರಿಗೆ ಎಂಟು ತಿಂಗಳಿತ್ತು.

"ಹೇಳ್ಕಳಿಸೋಣ ಅಂತಿದ್ದೆ, ನೀನೇ ಬಂದ್ಬಿಟ್ಟೆ ಗುರು," ಎಂದ ನವೀನ್. "ಸೋಮವಾರ ಏರ್‌ಪೋರ್ಟ್ ರೋಡ್‌ದು ಒಂದು ಕಂಪನಿಯವ್ರು ಬರ್ತಾವ್ರೆ. ಸ್ಕೂಲ್ ದತ್ತು ತಗೊಳ್ತಾರಂತೆ. ಕಾಂಪೌಂಡ್‌ಗೆಲ್ಲ ಎಮಲ್ಷನ್ ಹೊಡಿ. ಈ ವರ್ಷದ್ ಖರ್ಚು ಗೇಟ್ ಹತ್ರ ದೊಡ್ಡದಾಗಿ ಬರಿ."

"ನವೀನಣ್ಣ, ಹೆಣ್ಮಕ್ಳ ಟಾಯ್ಲೆಟ್‌ಗೆ ಒಂದು ಬಾಗ್ಲು ಹಾಕ್ಸಿಬಿಡಿ. ನನ್ ಮಗಳು ಸ್ಕೂಲ್ ಬಿಡ್ತಾಳೆ ಇಲ್ದಿದ್ರೆ."

"ಹಾಕ್ಸಿದ್ದೀವಲ್ಲಪ್ಪ. ಚೀಟಿ ನೋಡು."

ಚೀಟಿಯ ಕೊನೆಯ ಸಾಲು: ಹೆಣ್ಣುಮಕ್ಕಳ ಶೌಚಾಲಯದ ಹೈಟೆಕ್ ಬಾಗಿಲು, 46,000.

ಕಾಂತರಾಜು ಗೋಪಾಲಪ್ಪನವರ ಮುಖ ನೋಡಿದ. ಅವರು ಕಿಟಕಿಯ ಹೊರಗೆ ನೋಡಿದರು.

"ಆಮೇಲೆ ಇನ್ನೊಂದು," ಎಂದ ನವೀನ್. "ಹಳೇ ಸುಣ್ಣ ಎಲ್ಲಾ ಕೆರ್ದ್ ಹಾಕ್ಬೇಕು. ಅದ್ರ ಮೇಲೆ ಎಮಲ್ಷನ್ ನಿಲ್ಲಲ್ವಂತೆ. ಡಬ್ಬದ ಮೇಲೆ ಬರ್ದವ್ರೆ. ಚೆನ್ನಾಗ್ ಕೆರಿ, ಒಂದ್ ಚೂರೂ ಬಿಡ್ಬೇಡ."

ಸುಣ್ಣದ ಕೆಳಗೆ ಏನಿದೆ ಎಂದು ಕಾಂತರಾಜು ಹೇಳಬಹುದಿತ್ತು. ಯಾರಾದರೂ ಕೇಳಿದ್ದರೆ ಹೇಳಿಯೂ ಹೇಳುತ್ತಿದ್ದ. ಯಾರೂ ಕೇಳಲಿಲ್ಲ.

ಭಾನುವಾರ ಬೆಳಗ್ಗೆ ಶೌಚಾಲಯದ ಕಡೆಯಿಂದ ಕೆರೆಯಲು ಶುರುಮಾಡಿದ. ತಗಡಿನ ಪಟ್ಟಿ ಹಿಡಿದು, ಬಾಯಿಗೆ ಟವೆಲ್ ಕಟ್ಟಿಕೊಂಡು. ಗೋಡೆಗೆ ಕಚ್ಚಿಕೊಂಡ ಸುಣ್ಣ ಕಷ್ಟಕ್ಕೆ ಬರುತ್ತಿತ್ತು. ಅಕ್ಷರದ ಮೇಲಿನದು ಹಪ್ಪಳದಂತೆ ಏಳುತ್ತಿತ್ತು. ಕೆಳಗೆ ಕಪ್ಪು, ಕೆಂಪು ಎನಾಮಲ್ ಹೊಸದರಂತೆ ಹೊಳೆಯುತ್ತಿತ್ತು. ಮೊದಲು 2017ರ ಪಟ್ಟಿ ಎದ್ದಿತು. ಬಾಗಿಲು, 28,500. ನಾಲ್ಕು ಅಡಿ ಆಚೆಗೆ 2016. ಬಾಗಿಲು. ನಾಲ್ಕು ಅಡಿ ಆಚೆಗೆ 2015. ಬಾಗಿಲು. ಧೂಳು ಗಂಟಲಿಗೆ ಇಳಿದು ಕೆಮ್ಮು ಬಂತು. ಕೆಮ್ಮಿ ಉಗುಳಿ ಮತ್ತೆ ಕೆರೆದ. ಮಧ್ಯಾಹ್ನದ ಹೊತ್ತಿಗೆ 2013. ಬಾಗಿಲು, 9,800. ಹರ್ಷಿತ ಶಾಲೆ ಬಿಟ್ಟಮೇಲೆ ಬರೆದದ್ದು. ಪಕ್ಕದ ಚೌಕದಲ್ಲಿ ಪೇಪರ್ ಲೋಟವೂ ಎದ್ದು ನಿಂತಿತ್ತು. ಸಂಜೆ ಗೇಟಿನ ಬಳಿಗೆ ಬಂದಾಗ ಭಾರತದ ನಕ್ಷೆ, ನೀರಿನ ಹಂಡೆ, ಬಾಗಿಲು 650.

ಎದ್ದು ದೂರ ಹೋಗಿ ತಿರುಗಿ ನೋಡಿದ. ಹೋದ ವರ್ಷ ಬರೆದದ್ದೂ ಸೇರಿ ಐವತ್ತಾರು ಅಡಿ ಗೋಡೆ. ಹದಿನಾಲ್ಕು ಚೌಕ. ಎಲ್ಲವೂ ಒಂದೇ ಕೈಬರಹ. ಅಪ್ಪಯ್ಯಣ್ಣ ಎಲ್ಲೂ ರುಜು ಹಾಕಿರಲಿಲ್ಲ, ಮೇಷ್ಟ್ರು ಹಾಕಿರಲಿಲ್ಲ. ಕಳ್ಳತನ ಅವರದು, ಅಕ್ಷರ ತನ್ನದು. ಮಗಳ ಜ್ವರವನ್ನೂ ದುಂಡಗೆ ಬರೆದಿದ್ದ. ಅವನಿಗೆ ಸಿಟ್ಟು ಬಂತು. ಮೊದಲು ತನ್ನ ಕೈಯ ಮೇಲೆ, ಆಮೇಲೆ ಆ ಕೈಗೆ ಚೀಟಿ ಕೊಟ್ಟವರ ಮೇಲೆ. ಇಷ್ಟು ವರ್ಷ ಹೊಟ್ಟೆಯ ಭಯದ ಕೆಳಗೆ ಬಿದ್ದಿದ್ದ ಸಿಟ್ಟು. ಜೇಬಿನಿಂದ ಚೀಟಿ ತೆಗೆದು ಕೆರೆದ ಸುಣ್ಣದ ರಾಶಿಗೆ ಎಸೆದು ಮನೆಗೆ ಹೋದ.

ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ನವೀನ್‌ಕುಮಾರ್ ಬಂದಾಗ ಶಾಮಿಯಾನ ಎದ್ದಿತ್ತು. ಗೋಡೆಗೆ ಬಣ್ಣವಿರಲಿಲ್ಲ. ಕಾಂತರಾಜು ಬರಿಗೈಲಿ ಗೇಟಿನ ಬಳಿ ನಿಂತಿದ್ದ.

"ಏನ್ಲಾ ಇದು?"

"ನೀವು ಕೆರೆಯೋಕ್ಕೆ ಹೇಳಿದ್ರಿ. ಕೆರ್ದಿದ್ದೀನಿ. ಒಂದ್ ಚೂರೂ ಬಿಟ್ಟಿಲ್ಲ."

"ಬಣ್ಣ ಹೊಡಿಲಾ. ಹತ್ತ್ ಗಂಟೆಗೆ ಬರ್ತಾರೆ."

"ಹೊಡಿಯಲ್ಲ."

ನವೀನ್‌ಗೆ ಸರಿಯಾಗಿ ಕೇಳಿಸಲಿಲ್ಲವೇನೋ. ಆ ಮಾತನ್ನು ಆ ಬಾಯಿಂದ ಅವನು ಮೊದಲು ಕೇಳಿದ್ದಿಲ್ಲ.

"ಏನಂದೆ?"

"ಬಣ್ಣ ಹೊಡಿಯಲ್ಲ. ಬರೆಯೋದೂ ಇಲ್ಲ. ಬೇರೆ ಯಾರ ಕೈಲಾದ್ರೂ ಬರ್ಸ್ಕೊಳಿ."

"ನಾಳೆಯಿಂದ ನಿಂಗೆ ಒಂದ್ ಬೋರ್ಡೂ ಇಲ್ಲ, ಒಂದ್ ಕಲ್ಲೂ ಇಲ್ಲ. ಗೊತ್ತಾ?"

"ಗೊತ್ತು."

ಕಾಂತರಾಜು ಹೊರಟೇ ಹೋದ. ನವೀನ್ ಗೋಡೆಯನ್ನು ಉದ್ದಕ್ಕೂ ನೋಡಿ ಬೆವರಿದ. ಅಷ್ಟರಲ್ಲಿ ಮಂಡಿ ಹಿಡಿದುಕೊಂಡು ಕುಂಟುತ್ತ ಬಂದ ಅಪ್ಪಯ್ಯಣ್ಣ ಸಮಾಧಾನ ಮಾಡಿದ. ಬರುವವರಿಗೆ ಕನ್ನಡ ಬರುತ್ತಾ ಎಂದು ಕೇಳಿದ. ಬರುವುದಿಲ್ಲ ಎಂದ ಮಗ. ಮತ್ತೆ ಯಾಕೆ ಹೆದರುತ್ತೀಯ ಎಂದ ಅಪ್ಪ.

ಹತ್ತೂವರೆಗೆ ಮೂರು ಕಾರು ಬಂದವು. ಒಬ್ಬರು ಮೇಡಂ, ನಾಲ್ವರು ಹುಡುಗರು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಗೋಡೆ ನೋಡಿ ಅವರಿಗೆ ಖುಷಿಯೋ ಖುಷಿ. ಹದಿನಾಲ್ಕು ವರ್ಷದ ಖರ್ಚನ್ನು ಇಷ್ಟು ಚೆಂದವಾಗಿ ಜನರ ಮುಂದಿಟ್ಟ ಶಾಲೆಯನ್ನು ತಾವು ಎಲ್ಲೂ ನೋಡಿಲ್ಲ ಎಂದು ಇಂಗ್ಲಿಷಿನಲ್ಲಿ ಹೊಗಳಿದರು. ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಗೋಪಾಲಪ್ಪನವರನ್ನು ಎಳೆದು ನಡುವೆ ನಿಲ್ಲಿಸಿಕೊಂಡರು. ನವೀನ್‌ಕುಮಾರ್ ಎದೆ ಮುಂದೆ ಮಾಡಿ ನಿಂತ.

ಮೇಡಂಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಅಂಕಿಗಳ ಮೇಲೆ ಕಣ್ಣಾಡಿಸುತ್ತ ಗೇಟಿನಿಂದ ಶೌಚಾಲಯದ ತನಕ ನಡೆದರು. ಪ್ರತಿ ಚೌಕದ ಕೊನೆಗೂ ಒಂದೇ ಪದ ಇದೆ, ಅದರ ಬೆಲೆ ಮಾತ್ರ ಏರುತ್ತಾ ಹೋಗಿದೆ, ಏನದು ಎಂದು ಕೇಳಿದರು.

"ಎಜುಕೇಷನ್ ಮೇಡಂ," ಎಂದ ನವೀನ್.

ಹೂಗುಚ್ಛ ಹಿಡಿದು ಸಾಲಿನಲ್ಲಿ ನಿಂತಿದ್ದವಳು ಯಶಸ್ವಿನಿ. ಪ್ರಾರ್ಥನೆ ಹಾಡುವವಳೂ ಅವಳೇ.

"ಅಲ್ಲ ಮೇಡಂ," ಎಂದಳು. "ಡೋರ್. ಗರ್ಲ್ಸ್ ಟಾಯ್ಲೆಟ್ ಡೋರ್."

ಮೇಡಂ ನಕ್ಕರು. ಆಮೇಲೆ ಎದುರಿಗೇ ಇದ್ದ ಶೌಚಾಲಯದ ಕಡೆ ನೋಡಿದರು. ಖಾಲಿ ಚೌಕಟ್ಟು. ಒಳಗಿನ ಗೋಡೆ, ಒಳಗಿನ ನಲ್ಲಿ, ಎಲ್ಲ ನಿಂತಲ್ಲಿಂದಲೇ ಕಾಣುತ್ತಿತ್ತು. ನಗು ನಿಂತಿತು.

ಕಾರುಗಳು ಬರುವುದಕ್ಕೂ ಮೊದಲೇ ಕಾಂತರಾಜು ಹಳೆಯ ಪಂಪ್‌ಹೌಸ್ ಮುಂದಿದ್ದ. ತೋಟ ಲೇಔಟ್ ಆದಮೇಲೆ ಅದೇ ಕೋಣೆ ನವೀನ್‌ಕುಮಾರನ ಸೈಟ್ ಆಫೀಸಾಗಿತ್ತು. ಬಾಗಿಲು ಅದೇ. ಕಾಲಕಾಲಕ್ಕೆ ಅದಕ್ಕೆ ಬಣ್ಣ ಹೊಡೆದಿದ್ದವನೂ ಕಾಂತರಾಜುವೇ, ಒಮ್ಮೆ ನೀಲಿ, ಎರಡು ಸಲ ಕಂದು. ಅಂಚಿನಲ್ಲಿ ಉಗುರು ಹಾಕಿ ಕೆರೆದ. ಒಳಗೆ ಹಸಿರು ಕಂಡಿತು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದ.

ಕಾವಲಿಗಿದ್ದ ಮುದುಕ ಮುನಿರಾಮಯ್ಯ, ಅವನೂ ಕಾಲೋನಿಯವನೇ, ಬೀಡಿ ಆರಿಸಿ ಎದ್ದು ಬಂದ.

"ಏನ್ಲಾ ಮಾಡ್ತಿದೀಯ?"

"ಎರಡ್ ದಿನಕ್ಕೆ ಅಂತ ಇಟ್ಟಿದ್ದೆ ಮಾವ. ವಾಪಸ್ ತಗೊಂಡ್ ಹೋಗ್ತಿದ್ದೀನಿ."

ಮುನಿರಾಮಯ್ಯ ರಸ್ತೆಯ ಆ ಕಡೆ ಈ ಕಡೆ ನೋಡಿದ. ಬಾಗಿಲಿನ ಒಂದು ತುದಿಗೆ ಕೈ ಕೊಟ್ಟು ಅವನ ತಲೆಗೆ ಏರಿಸಿದ.

ಅದೇ ಒಂದೂವರೆ ಮೈಲಿ. ಆಗ ಮೂವತ್ತರ ಕುತ್ತಿಗೆ, ಈಗ ನಲವತ್ತನಾಲ್ಕರದು. ಬೆನ್ನಿಗೆ ಬೆವರು ಇಳಿಯಿತು. ಅಂಗಡಿಯ ಮುಂದೆ ಕೂತವರು ಏನೋ ಕಾಂತ ಎಂದರು. ನಿಲ್ಲಲಿಲ್ಲ. ಹಗಲು ಹೊತ್ತಿನಲ್ಲಿ, ಊರ ನಡುವಿನ ರಸ್ತೆಯಲ್ಲಿ, ಎಲ್ಲರಿಗೂ ಕಾಣುವಂತೆ ಹೊತ್ತುಕೊಂಡು ಬಂದ. ಗೇಟು ದಾಟಿ ಶಾಮಿಯಾನದ ಕೆಳಗೇ ನುಗ್ಗಿದ. ಬಾಗಿಲ ಅಂಚು ಫ್ಲೆಕ್ಸಿಗೆ ತಗುಲಿ ಅದರಲ್ಲಿದ್ದ ನವೀನ್‌ಕುಮಾರನ ಮುಖ ಮಡಿಚಿಕೊಂಡಿತು.

"ಸ್ವಲ್ಪ ದಾರಿ ಬಿಡಿ," ಎಂದ. ಬಿಟ್ಟರು.

ಇದೇನು ಎಂದು ಮೇಡಂ ಗೋಪಾಲಪ್ಪನವರನ್ನು ಕೇಳಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕಾಂತರಾಜು ಬಾಗಿಲನ್ನು ಶೌಚಾಲಯದ ಚೌಕಟ್ಟಿಗೆ ಒರಗಿಸಿ, ಉಸಿರು ತೆಗೆದುಕೊಂಡು, ಗೋಡೆಯ ಕಡೆ ಕೈ ತೋರಿಸಿದ.

"ಹದಿನಾಲ್ಕು ವರ್ಷದಿಂದ ಅಲ್ಲಿತ್ತು ಮೇಡಂ. ಇವತ್ತು ಬಂತು."

ಯಶಸ್ವಿನಿ ಅದನ್ನು ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದಳು.

"ಲೇ ಕಾಂತ, ಅದು ನಮ್ ಆಫೀಸಿಂದು ಕಣ್ಲಾ," ಎಂದ ಅಪ್ಪಯ್ಯಣ್ಣ ಕುರ್ಚಿಯಿಂದ.

"ನಿಮ್ದೇ ಆದ್ರೆ ಬಂದ್ ಬಿಚ್ಕೊಂಡ್ ಹೋಗಿ ಗೌಡ್ರೇ. ಎಲ್ರೂ ಇದಾರೆ, ನೋಡ್ಲಿ."

ಅಪ್ಪಯ್ಯಣ್ಣನಿಗೆ ಮಂಡಿನೋವು ಜೋರಾಯಿತು. ಏಳಲಿಲ್ಲ. ನವೀನ್‌ಕುಮಾರ್ ಎರಡು ಹೆಜ್ಜೆ ಮುಂದಿಟ್ಟವನು ಟೀ ಶರ್ಟಿನ ಹುಡುಗನೊಬ್ಬ ಮೊಬೈಲು ಎತ್ತಿ ಹಿಡಿದದ್ದು ನೋಡಿ ನಿಂತ. ಕಾಂತರಾಜು ಜೇಬಿನಿಂದ ಸ್ಕ್ರೂ ತೆಗೆದು ಹಲ್ಲಲ್ಲಿ ಕಚ್ಚಿಕೊಂಡ. ಚೌಕಟ್ಟಿನಲ್ಲಿ ಬಾಗಿಲು ಕೂರಿಸಲೆಂದು ಅಂದು ಕೊರೆದಿದ್ದ ತೂತುಗಳು ಇದ್ದ ಹಾಗೇ ಇದ್ದವು. ಒಂದೊಂದೇ ಸ್ಕ್ರೂ ಕೂರಿಸಿ ತಿರುಗಿಸಿದ. ಮುಗಿಯುವ ತನಕ ಇಡೀ ಸಭೆ ಅವನ ಬೆನ್ನನ್ನು ನೋಡುತ್ತಿತ್ತು. ಬಾಗಿಲನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚಿ ನೋಡಿ ಪಕ್ಕಕ್ಕೆ ಸರಿದ.

ಯಶಸ್ವಿನಿ ಹೂಗುಚ್ಛವನ್ನು ಅಪ್ಪನ ಕೈಗೆ ಕೊಟ್ಟಳು. ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಹೊರಗೆ ಎಲ್ಲರಿಗೂ ಕೇಳಿಸಿತು.

ಹೇಗಾದರೂ ಕಾರ್ಯಕ್ರಮ ಶುರುವಾಗಿಬಿಡಲಿ ಎಂದು ಗೋಪಾಲಪ್ಪನವರು ಮೈಕಿನಲ್ಲಿ ಈಗ ಪ್ರಾರ್ಥನೆ, ಕುಮಾರಿ ಯಶಸ್ವಿನಿಯಿಂದ ಎಂದರು. ಯಾರೂ ಬರಲಿಲ್ಲ. ಇನ್ನೊಮ್ಮೆ ಕೂಗಿದರು. ನವೀನ್‌ಕುಮಾರ್ ಹಲ್ಲು ಕಚ್ಚಿಕೊಂಡು ಬಂದು ಬಾಗಿಲು ತಟ್ಟಿದ.

"ಬಾರೇ ಬೇಗ. ದೊಡ್ಡೋರು ಕಾಯ್ತಾವ್ರೆ."

"ಒಳಗಿದ್ದೀನಿ," ಎಂದಳು ಹುಡುಗಿ. "ಕಾಯ್ಲಿ."

ಕಾದರು.